ಕಂದು ನೀರಿನ ಯಜಮಾನಿ

ಮಾರ್ಚ್ ೪, ಮಂಗಳವಾರ

ಈ ಮೀನಿನ ವ್ಯವಹಾರಕ್ಕೆ ನಮ್ಮ ಮನೆ ಏನೇನು ತೆತ್ತಿದೆ ಎಂದು ಇವತ್ತು ಕೂತು ಕೂಡಿಸಿದೆ. ಹಾಲಿನ ಒಂದು ಕಿಟಕಿ: ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆಂದು ಎರಡು ವರ್ಷದಿಂದ ಅದರ ಪರದೆ ಸರಿದಿಲ್ಲ. ಆರು ಜನ ಕೂರುವ ನಮ್ಮ ತೇಗದ ಊಟದ ಮೇಜು: ನನ್ನ ಅಂಗಡಿಯ ಗಿರಾಕಿ ಅದಕ್ಕೆ ಕೊಟ್ಟ ಮುಂಗಡ ವಾಪಸ್ ಮಾಡಿ ಅದನ್ನು ಗಾಜಿನ ತೊಟ್ಟಿಯ ಕೆಳಗೆ ಇಡಬೇಕಾಯಿತು, ಅಂದಿನಿಂದ ನಾವು ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಣ್ಣುವವರು. ಫ್ರಿಜ್ಜಿನ ಮೇಲಿನ ಖಾನೆ: ಅಲ್ಲಿ ಮೀನಿಗೆಂದು ಹೆಪ್ಪುಗಟ್ಟಿಸಿದ ಕೆಂಪು ಹುಳುಗಳು, ಕೆಳಗೆ ನಮ್ಮ ಬೆಣ್ಣೆ. ನೆಂಟರ ಮನೆಯಲ್ಲಿ ರಾತ್ರಿ ಉಳಿಯುವ ಸುಖ. ನನ್ನ ಮಧ್ಯಾಹ್ನದ ನಿದ್ದೆ: ಗಾಳಿಯ ಪಂಪು ಗೊರಕೆ ಹೊಡೆಯುತ್ತದೆ, ಒಂದೇ ಮನೆಯಲ್ಲಿ ಇಬ್ಬರು ಗೊರಕೆ ಹೊಡೆಯುವಂತಿಲ್ಲ ಎಂದು ನನ್ನ ಹೆಂಡತಿ, ಇವಳ ತೀರ್ಪು. ಹಣದ ಲೆಕ್ಕ ಬೇಡ. ಬರೆದರೆ ಪೆನ್ನೇ ಮುನಿಸಿಕೊಂಡೀತು.

ಇಷ್ಟೆಲ್ಲ ತೆತ್ತು ತಂದದ್ದು ಬೆರಳುದ್ದದ ಎರಡು ಮೀನು. ದಕ್ಷಿಣ ಅಮೆರಿಕದ ಕಾಡುಹೊಳೆಗಳ ಗಿಡ್ಡ ಸಿಕ್ಲಿಡ್ ಜಾತಿಯವಂತೆ. ಗಂಡಿಗೆ ಬೆನ್ನ ಮೇಲೆ ಜುಟ್ಟು, ಬಾಲದಲ್ಲಿ ಕೆಂಪು ಚುಕ್ಕೆ. ಹೆಣ್ಣು ಅದರ ಅರ್ಧದಷ್ಟು, ಬಣ್ಣವೂ ಇಲ್ಲ, ಆದರೆ ಮನೆ ಅದರದು. ಇವಳು ಅದನ್ನು ‘ಯಜಮಾನಿ’ ಎನ್ನುತ್ತಾಳೆ. ಗಂಡನ್ನು ತೋರಿಸಿ, "ಥೇಟ್ ನೀವೇ ರೀ. ಜುಟ್ಟು ನಿಗುರಿಸ್ಕೊಂಡು ಓಡಾಡೋದೇ ಕೆಲಸ," ಎನ್ನುತ್ತಾಳೆ.

ನಿನ್ನೆ ಇವಳನ್ನು ಆಸ್ಪತ್ರೆಗೆ ಸೇರಿಸಿದೆ. ಹೊಟ್ಟೆಯಲ್ಲಿ ಗಡ್ಡೆಯಂತೆ. ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ನನಗೆ ಅಪ್ಪಣೆ ಕೊಟ್ಟಳು.

"ಬೆಳಿಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ. ಮೀನಿಗೆ ಹಾಕಿದ್ದನ್ನ ಬರೆದಿಡಿ, ಇಲ್ಲಾಂದ್ರೆ ಎರಡೆರಡು ಸಲ ಸುರೀತೀರಿ. ನೀರು ಮಾತ್ರ ಮುಟ್ಬೇಡಿ."

"ನಿನ್ನ ನೀರು ಯಾರಿಗೆ ಬೇಕು ತಾಯಿ? ಬೇಗ ಬಂದು ನೀನೇ ನೋಡ್ಕೋ."

ಅದಕ್ಕೇ ಈ ಬರವಣಿಗೆ. ಬೆಳಿಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ.

ಮಾರ್ಚ್ ೮, ಶನಿವಾರ

ಒಂದು ಮನೆ ಖಾಲಿ ಮಾಡಿಸಿದೆ. ಮುದುಕರೊಬ್ಬರು ತೀರಿಕೊಂಡಿದ್ದರು, ಎರಡು ಬೀರು, ಒಂದು ಮಂಚ, ಆರಾಮಕುರ್ಚಿ. ನನ್ನ ಹಳೇ ಸಾಮಾನಿನ ಅಂಗಡಿ ನಿಂತಿರುವುದೇ ಇಂಥ ಮನೆಗಳ ಮೇಲೆ. ಒಂದು ಕೈಗಾಡಿಯಿಂದ ಶುರು ಮಾಡಿ ಮೂರು ಮಹಡಿಯ ಅಂಗಡಿ ಮಾಡಿದವನು ನಾನು, ನನಗೆ ಯಾರೂ ಪಾಠ ಹೇಳಿಲ್ಲ. ನಾನೇ ಕಲಿತ ಒಂದು ನಿಯಮ ಮಾತ್ರ ಇದೆ. ಕುರ್ಚಿ ಯಾರದ್ದು ಎಂದು ಕೇಳಬಾರದು. ಕೇಳಿದರೆ ಕಥೆ ಹೇಳುತ್ತಾರೆ. ಕಥೆ ಶುರುವಾಯಿತೋ, ಬೆಲೆ ಏರಿತು.

ಸಂಜೆ ಬಂದರೆ ಯಜಮಾನಿ ನಿಂಬೆಹಣ್ಣಿನ ಹಳದಿಗೆ ತಿರುಗಿದ್ದಾಳೆ! ಕಣ್ಣಿಗೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಗೆರೆ. ಬೋರಲಾಗಿಟ್ಟ ತೆಂಗಿನ ಚಿಪ್ಪಿನ ಬಾಗಿಲಲ್ಲಿ ನಿಂತು ಜುಟ್ಟಿನವನನ್ನು ಅಟ್ಟುತ್ತಿದ್ದಾಳೆ. ಆಸ್ಪತ್ರೆಗೆ ಫೋನು ಮಾಡಿದೆ. ಇವಳ ದನಿ ನಿಮಿಷದಲ್ಲಿ ಬದಲಾಯಿತು.

"ಟಾರ್ಚ್ ತಗೊಂಡು ಓರೆಯಾಗಿ ಬಿಡಿ. ಚಿಪ್ಪಿನೊಳಗೆ, ಮೇಲ್ಗಡೆ ಏನಾದ್ರೂ ಅಂಟಿದ್ಯಾ?"

"ಸಾಸಿವೆ ಅಂಟಿಸಿದ ಹಾಗಿದೆ."

"ಕೆಂಪಗಾ, ಬೆಳ್ಳಗಾ?"

"ಕೆಂಪು ಕಣೇ."

"ಕೆಂಪಾದ್ರೆ ಜೀವ ಇದೆ," ಎಂದಳು. "ನಾಲ್ಕು ಸಲ ಇಟ್ಟು ನಾಲ್ಕು ಸಲ ತಿಂದು ಹಾಕಿದಾಳೆ ರೀ. ಈ ಸಲ ಒಂದು ಮರಿ ಈಜೋದನ್ನ ನೋಡಿದ್ರೆ ಸಾಕು ನಂಗೆ."

ಮರಿಗೋಸ್ಕರ ಇಷ್ಟೊಂದು ಒದ್ದಾಡುವುದೇ? ಆದರೂ ಹೇಳಿದೆ, ನೋಡ್ತೀಯ ಬಿಡು ಎಂದು.

ಮಾರ್ಚ್ ೯, ಭಾನುವಾರ

ನಾಳೆ ಮನೆಗೆ ಕಳಿಸಬಹುದು ಎಂದು ನರ್ಸು ಹೇಳಿದಳು. ಬಂದ ತಕ್ಷಣ ಇವಳ ಕಣ್ಣು ತೊಟ್ಟಿಯ ಮೇಲೇ ಬೀಳುವುದು. ಆ ನೀರೋ, ಹಳಸಿದ ಚಹಾದ ಬಣ್ಣ. ತಳದಲ್ಲಿ ಕೊಳೆತ ಬಾದಾಮಿ ಎಲೆಗಳು. ಮಂಕು ಹಿಡಿದ ಸಾಮಾನನ್ನು ನಾನು ಎಂದಾದರೂ ಗಿರಾಕಿಯ ಮುಂದೆ ಇಟ್ಟವನೇ? ಮುಟ್ಟಬೇಡಿ ಎಂದದ್ದು ನನಗೆ ತೊಂದರೆ ಬೇಡವೆಂದು ಹೇಳಿದ ಮಾತು, ಅಷ್ಟೂ ತಿಳಿಯದೇ?

ಬೆಳಿಗ್ಗೆಯೆಲ್ಲ ಅದೇ ಕೆಲಸ. ಎಲೆ ಎತ್ತಿ ಎಸೆದೆ. ಕೊಳವೆ ಹಾಕಿ, ಮೀನು ಮುಳುಗುವಷ್ಟು ಬಿಟ್ಟು ಉಳಿದ ನೀರನ್ನೆಲ್ಲ ಎಳೆದೆ, ನಲ್ಲಿಯಿಂದ ತಾಜಾ ನೀರು ತುಂಬಿದೆ. ಗಾಜನ್ನು ಅಂಗಡಿಯ ಬಟ್ಟೆಯಿಂದ ಉಜ್ಜಿದೆ. ಈಗ ತೊಟ್ಟಿಯ ಹಿಂದಿನ ಗೋಡೆ ನೀರಿನಾಚೆ ಸ್ಪಷ್ಟವಾಗಿ ಕಾಣುತ್ತದೆ. ಷೋರೂಮು!

ಜುಟ್ಟಿನವನು ಮೂಲೆಯಲ್ಲಿ ಏದುಸಿರು ಬಿಡುತ್ತಿದ್ದಾನೆ. ಹೊಸ ಮನೆ, ಒಗ್ಗಬೇಕಲ್ಲ. ಬೆಳಿಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ.

ಮಾರ್ಚ್ ೧೦, ಸೋಮವಾರ

ಕಳಿಸಲಿಲ್ಲ. ಇನ್ನೊಂದು ಪರೀಕ್ಷೆಯಂತೆ.

ಚಿಪ್ಪಿನೊಳಗೆ ಟಾರ್ಚು ಬಿಟ್ಟೆ. ಎಲ್ಲವೂ ಬಿಳಿ. ಹತ್ತಿಯ ಬೀಜದ ಹಾಗೆ ಒಂದೊಂದಕ್ಕೂ ನವಿರು ಕೂದಲು.

ಮೀನಂಗಡಿಯವನ ಬಳಿ ಓಡಿದೆ. ಇವಳು ಅವನನ್ನು ‘ಮೇಷ್ಟ್ರು’ ಎನ್ನುತ್ತಾಳೆ, ಒಂದು ಕೇಳಿದರೆ ಪಾಠವೇ ಮಾಡುತ್ತಾನೆಂದು. ಇವತ್ತು ಪಾಠ ಮಾಡಲಿಲ್ಲ.

"ಎಷ್ಟು ನೀರು ತೆಗೆದ್ರಿ?"

"ಎಲ್ಲಾ."

"ಎಲೇನೂ?"

"ಎಲೇನೂ. ಕೊಳೆತಿತ್ತು."

ಕನ್ನಡಕ ತೆಗೆದು ಒರೆಸಿಕೊಂಡ. "ಆ ಬಣ್ಣ ಬರಿಸೋಕೆ ನಿಮ್ಮನೆಯವರಿಗೆ ಎಂಟು ತಿಂಗಳು ಹಿಡೀತು ಸಾರ್. ಅವು ಇರೋ ಹೊಳೆ ನೀರು ಹಾಗೇನೇ ಇರತ್ತೆ. ನಲ್ಲಿ ನೀರು ಗಡಸು, ಅದಕ್ಕೆ ಹಾಕೋ ಕ್ಲೋರಿನ್ ಔಷಧಿ ಬೇರೆ. ದೊಡ್ಡವು ಹೇಗೋ ತಡ್ಕೊಳ್ತವೆ, ಮೊಟ್ಟೆ ತಡ್ಕೊಳ್ಳಲ್ಲ."

ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೧೧, ಮಂಗಳವಾರ

"ಮೊಟ್ಟೆ ಒಡೆದ್ವಾ?" ನಾನು ವಾರ್ಡಿನ ಬಾಗಿಲು ದಾಟುವ ಮೊದಲೇ ಕೇಳಿದಳು.

"ಒಡೆದ್ವು," ಎಂದೆ. ಮೂವತ್ತು ವರ್ಷ ವ್ಯಾಪಾರ ಮಾಡಿದ ಬಾಯಿ. ಹುಳು ಬಿದ್ದ ಮಂಚವನ್ನು ಅರಮನೆಯದು ಎಂದು ಮಾರಿದ ಬಾಯಿ. ಅದಾಗಿಯೇ ಹೇಳಿತು.

ಇವಳ ತಂಗಿ ಪಕ್ಕದಲ್ಲೇ ಕೂತಿದ್ದಳು. "ಭಾವ, ನಿಮಗ್ಯಾಕೆ ಇಷ್ಟು ಬೆವರು?" ಎಂದಳು. ಲಿಫ್ಟು ಕೆಟ್ಟಿದೆ ಎಂದೆ. ಲಿಫ್ಟು ಕೆಟ್ಟಿರಲಿಲ್ಲ.

ಮಾರ್ಚ್ ೧೫, ಶನಿವಾರ

ಮೇಷ್ಟ್ರು ಒಂದು ಬಾಟಲಿ ನೀರುಚಿಗಟ ಕೊಟ್ಟಿದ್ದ. ಧೂಳಿನ ಕಣದಷ್ಟು ಜೀವಗಳು, ಮೀನಿಗೆ ಮೃಷ್ಟಾನ್ನ. ಸೋತು ಕೂತ ಯಜಮಾನಿ ತಿನ್ನಲಿ ಎಂದು ಸುರಿದೆ.

ಅವಳು ತಿನ್ನಲಿಲ್ಲ. ಚಿಗಟದ ಹಿಂಡಿನ ಸುತ್ತ ಒಂದು ಸುತ್ತು ಹಾಕಿದಳು. ಮೈ ಮತ್ತೆ ಹಳದಿಯಾಯಿತು. ಹಿಂಡನ್ನು ಒಂದು ಮೂಲೆಗೆ ಕೂಡಿಸಿ ಪಕ್ಕದಲ್ಲಿ ನಿಂತಳು. ಜುಟ್ಟಿನವನು ಒಂದನ್ನು ನುಂಗಲು ಬಂದ. ಅವನ ಬಾಲ ಹರಿಯುವ ಹಾಗೆ ಅಟ್ಟಿದಳು. ಆಮೇಲೆ ಹೊಟ್ಟೆಯ ಕೆಳಗಿನ ರೆಕ್ಕೆಗಳನ್ನು ಪಟಪಟನೆ ಕೊಡವಿದಳು. ಚಿಗಟಗಳು ತಮ್ಮ ಪಾಡಿಗೆ ಕುಪ್ಪಳಿಸುತ್ತಲೇ ಇದ್ದವು. ಮತ್ತೆ ಕೊಡವಿದಳು. ಮತ್ತೆ.

ಮೇಷ್ಟ್ರಿಗೆ ಫೋನು ಮಾಡಿದೆ. "ಮರಿ ಕಳ್ಕೊಂಡ ಹೆಣ್ಣು ಕೆಲವು ಸಲ ಹಾಗೆ ಮಾಡತ್ತೆ ಸಾರ್," ಎಂದ. "ಸಣ್ಣದಾಗಿ ಏನು ಅಲ್ಲಾಡಿದ್ರೂ ತನ್ನದು ಅನ್ಕೊಳತ್ತೆ. ಆ ರೆಕ್ಕೆ ಕೊಡವೋದು ‘ಕೆಳಗಿಳೀರಿ, ಬಚ್ಚಿಟ್ಕೊಳ್ಳಿ’ ಅಂತ. ಸ್ವಂತ ಮರಿಯಾಗಿದ್ರೆ ತಕ್ಷಣ ಇಳೀತವೆ. ಚಿಗಟಕ್ಕೆ ಆ ಭಾಷೆ ಎಲ್ಲಿ ಬರಬೇಕು?"

ಅಂಗಡಿಗೆ ಹೋಗಲಿಲ್ಲ. ಯಾಕೋ ಅಲ್ಲೇ ಕೂತುಬಿಟ್ಟೆ. ಫೋನಿನಲ್ಲಿ ವಿಡಿಯೋ ಮಾಡಿಕೊಂಡೆ.

ಮಾರ್ಚ್ ೧೬, ಭಾನುವಾರ

ವಿಡಿಯೋ ತೋರಿಸಿದೆ. ಇವಳು ಕನ್ನಡಕ ಹಾಕಿಕೊಂಡು ಫೋನನ್ನು ಮೂಗಿನ ಹತ್ತಿರ ಹಿಡಿದಳು. ನಾನು ಪಕ್ಕದಲ್ಲಿ ನಿಂತು ಒಂದೇ ಸಮ ಮಾತಾಡಿದೆ: ಒಂದೊಂದೂ ಚುರುಕು, ತಾಯಿಯ ಹಾಗೇ ಕಣ್ಣು, ಇಂಥ ಹಿಂಡು ಮೇಷ್ಟ್ರೂ ನೋಡಿಲ್ಲವಂತೆ. ಇವಳು ಸುಮ್ಮನೆ ನೋಡಿದಳು. ನನ್ನ ಮುಖವನ್ನೂ ಒಂದು ಸಲ ನೋಡಿದಳು.

"ಇನ್ನೊಂದು ಸಲ ಹಾಕಿ."

ಹಾಕಿದೆ. ನರ್ಸು ಬಂದು ಬಗ್ಗಿದಳು. "ಏನು ಆಂಟಿ ಇದು, ಸೊಳ್ಳೆನಾ?"

"ಸೊಳ್ಳೆ ಇರೋದು ನಿಮ್ಮ ವಾರ್ಡಲ್ಲಿ. ಇವು ನಮ್ಮನೆ ಮರಿ," ಎಂದಳು ಇವಳು. "ನಮ್ಮೆಜಮಾನ್ರು ಸಾಕಿದ್ದು."

ಪಾರಾದೆ ಎಂದುಕೊಂಡೆ. ಈಗ ಒಂದೇ ದಾರಿ. ಇವಳು ಮನೆಗೆ ಬರುವಷ್ಟರಲ್ಲಿ ತೊಟ್ಟಿಯಲ್ಲಿ ನಿಜವಾದ ಮರಿ ಇರಬೇಕು.

ಮಾರ್ಚ್ ೧೯, ಬುಧವಾರ

ಡಾಕ್ಟರು ಕೂತು ಮಾತಾಡಿದರು. ಇಷ್ಟು ದಿನ ನಿಂತೇ ಮಾತಾಡುತ್ತಿದ್ದರು. ನನ್ನ ವ್ಯಾಪಾರದಲ್ಲಿ, ಕುರ್ಚಿ ಎಳೆದುಕೊಂಡು ಬೆಲೆ ಹೇಳುವವನು ಇಳಿಸುವುದಿಲ್ಲ ಎಂದು ಲೆಕ್ಕ. ಆದರೂ ಕೇಳಿದೆ. ಇಳಿಸಲಿಲ್ಲ.

"ಮನೆಗೆ ಕರ್ಕೊಂಡ್ಹೋಗಿ. ಇಷ್ಟಪಟ್ಟದ್ದು ಮಾಡಿಕೊಡಿ. ನೋವಿಗೆ ಔಷಧಿ ಹೊಂದಿಸಿ, ಹತ್ತು ಹನ್ನೆರಡು ದಿನದಲ್ಲಿ ಕಳಿಸ್ತೀವಿ."

ಸಂಜೆ ಒಂದು ಚಿಟಿಕೆ.

ಮಾರ್ಚ್ ೨೩, ಭಾನುವಾರ

ಮೇಷ್ಟ್ರ ಅಂಗಡಿಯಿಂದ ಕ್ಯಾನುಗಟ್ಟಲೆ ಶುದ್ಧ ಮಾಡಿದ ನೀರು ಹೊತ್ತು ತರುತ್ತಿದ್ದೇನೆ. ಅದರಲ್ಲಿ ಬಾದಾಮಿ ಎಲೆ ನೆನೆಹಾಕಿ, ಬಣ್ಣ ಇಳಿದ ಮೇಲೆ, ಸಣ್ಣ ಕೊಳವೆಗೆ ಗಂಟು ಹಾಕಿ ಹನಿ ಹನಿಯಾಗಿ ತೊಟ್ಟಿಗೆ ಬಿಡುತ್ತೇನೆ. ಅವಸರ ಮಾಡಿದರೆ ಮೀನು ತಾಳುವುದಿಲ್ಲ. ಅವಸರ ನನಗೆ ಮಾತ್ರ.

ಅಂಗಡಿಯ ಪಾಲಿಶಿನವನು ನನ್ನ ಜೊತೆ ಕೈಗಾಡಿ ಕಾಲದಿಂದ ಇರುವವನು. ಕ್ಯಾನು ಇಳಿಸುತ್ತ, "ಯಜಮಾನ್ರೇ, ಕಲೆ ತೆಗೆಯೋಕೆ ನನಗೆ ಸಂಬಳ ಕೊಡ್ತೀರಿ. ಈಗ ನೀವೇ ಕೂತು ಕಲೆ ಹತ್ತಿಸ್ತಿದೀರಲ್ಲ!" ಎಂದ.

"ಬಾಯಿ ಮುಚ್ಕೊಂಡು ಎಲೆ ತೊಳಿಯೋ."

ತೊಳೆದ. ಆಮೇಲೆ ಗಾಜಿನ ಮುಂದೆ ಬಹಳ ಹೊತ್ತು ನಿಂತಿದ್ದ. "ಅಕ್ಕಾವ್ರು ಬರೋ ಹೊತ್ತಿಗೆ ಆಗತ್ತಾ?" ಎಂದ. ಇನ್ನೊಂದು ಹಿಡಿ ಎಲೆ ನೆನೆಹಾಕಿದೆ.

ಗಾಜಿನಾಚೆಯ ಗೋಡೆ ಮತ್ತೆ ಮಸುಕಾಗುತ್ತಿದೆ. ನೋಡಿ ಸಮಾಧಾನವಾಯಿತು.

ಮಾರ್ಚ್ ೩೧, ಸೋಮವಾರ

ಯಜಮಾನಿ ಮತ್ತೆ ಮೊಟ್ಟೆ ಇಟ್ಟಿದ್ದಾಳೆ! ಕೆಂಪು, ಅಷ್ಟೂ ಕೆಂಪು. ನಾಡಿದ್ದು ಇವಳು ಬರುತ್ತಾಳೆ. ಈಜುವ ಮರಿಯಾಗಲು ಇನ್ನೂ ಒಂಬತ್ತು ಹತ್ತು ದಿನ ಬೇಕು. ಹಳೆಯ ಮರಿಗಳೆಲ್ಲಿ ಎಂದು ಕೇಳಿದರೆ? ಜುಟ್ಟಿನವನು ತಿಂದ ಎನ್ನುವುದು. ಅವನೇನು ಸಾಕ್ಷಿ ಹೇಳಲು ಬರುವುದಿಲ್ಲ.

ಏಪ್ರಿಲ್ ೨, ಬುಧವಾರ

ಇವಳು ಮನೆಗೆ ಬಂದಳು. ಅಂಗಡಿಯಿಂದ ಒಳ್ಳೆಯ ಬೀಟೆ ಮಂಚ ತರಿಸಿ, ತೊಟ್ಟಿಗೆ ಮುಖವಾಗಿ ಹಾಕಿಸಿದ್ದೆ. ಎತ್ತಿ ಮಲಗಿಸುವಾಗ ಕೈಗೆ ಭಾರವೇ ಸಿಗಲಿಲ್ಲ. ಇವಳ ತಂಗಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

ಇವಳು ತೊಟ್ಟಿಯನ್ನು ನೋಡಿದಳು. ನಾನು ಶುರು ಮಾಡಿದೆ. "ಏನಾಯ್ತು ಗೊತ್ತಾ, ಆ ಜುಟ್ಟಿನವನು..."

"ಮರಿ ಕುಪ್ಪಳಿಸಲ್ಲ ರೀ."

"ಏನು?"

"ಮೀನಿನ ಮರಿ ಈಜತ್ತೆ. ಕುಪ್ಪಳಿಸೋದು ಚಿಗಟ."

ಪಂಪು ಗೊರಕೆ ಹೊಡೆಯುತ್ತಿತ್ತು.

"ಅವತ್ತೇ ಗೊತ್ತಾಯ್ತಾ?"

"ವಿಡಿಯೋದಲ್ಲಿ ಮೊದಲು ಕಂಡಿದ್ದು ಚಿಗಟ ಅಲ್ಲ. ಹಿಂದಿನ ಗೋಡೆ. ನನ್ನ ನೀರಿನಾಚೆ ಗೋಡೆ ಯಾವತ್ತು ಕಾಣ್ತಿತ್ತು?"

"ಮತ್ತೆ ಯಾಕೆ ಸುಮ್ಮನಿದ್ದೆ?"

ನಗಲು ನೋಡಿದಳು, ಕೆಮ್ಮು ಬಂತು. "ನೀವು ಅಷ್ಟು ಚೆನ್ನಾಗಿ ಮಾರ್ತಿದ್ರಿ. ಕೊಳ್ಳದೆ ಹೇಗಿರ್ಲಿ?"

ಮೂವತ್ತು ವರ್ಷದಲ್ಲಿ ಗಿರಾಕಿಯ ಮುಂದೆ ಕಣ್ಣು ಒರೆಸಿಕೊಂಡದ್ದು ಇದೇ ಮೊದಲು.

ಏಪ್ರಿಲ್ ೪, ಶುಕ್ರವಾರ

ಮೊಟ್ಟೆ ಒಡೆದಿದೆ. ಆದರೆ ಮರಿಗಳು ಇನ್ನೂ ಚಿಪ್ಪಿನೊಳಗೇ. ಹೊಟ್ಟೆಯಲ್ಲಿ ಹಳದಿಯ ಗಂಟು ಹೊತ್ತು ಅಂಟಿಕೊಂಡಿವೆ. ಇವಳಿಗೆ ಬಗ್ಗಿ ನೋಡಲು ಆಗುವುದಿಲ್ಲ. ಚಿಪ್ಪು ಎತ್ತಿದರೆ ಯಜಮಾನಿ ಹೆದರಿ ತಿಂದುಬಿಟ್ಟಾಳು.

ಅಂಗಡಿಗೆ ಹೋಗಿ ಒಂದು ಹಳೆಯ ಅಲಂಕಾರದ ಮೇಜಿನ ಸಣ್ಣ ಕೈಗನ್ನಡಿ ಬಿಚ್ಚಿ ತಂದೆ. ತೊಳೆದು, ಉದ್ದದ ತಂತಿಗೆ ಕಟ್ಟಿ, ಚಿಪ್ಪಿನ ಬಾಗಿಲಿಗೆ ನಿಧಾನವಾಗಿ ಇಳಿಸಿದೆ. ಯಜಮಾನಿ ಬಂದು ಕನ್ನಡಿಯಲ್ಲಿದ್ದ ಇನ್ನೊಬ್ಬ ಯಜಮಾನಿಗೆ ಗುದ್ದಿದಳು.

"ಎಡಕ್ಕೆ," ಎಂದಳು ಇವಳು. "ಇನ್ನೂ. ಕೈ ನಡುಗಿಸ್ಬೇಡಿ ರೀ. ಮೇಲೆ... ಹಾಂ! ನಿಲ್ಲಿ!"

ನಿಂತೆ. ತೋಳು ಮರಗಟ್ಟುವವರೆಗೆ ನಿಂತೆ. ನನಗೆ ಆ ಕಡೆಯಿಂದ ಕನ್ನಡಿಯ ಬೆನ್ನು ಮಾತ್ರ ಕಾಣುತ್ತಿತ್ತು. ಇವಳ ಮುಖ ಕಾಣುತ್ತಿತ್ತು.

"ಏನು ಕಾಣತ್ತೆ?"

"ಬಾಲ," ಎಂದಳು. "ಬರೀ ಬಾಲ. ಎಲ್ಲಾ ಒಟ್ಟಿಗೆ ಅಲ್ಲಾಡ್ತಿವೆ."

ಮರಿ ಈಜುವುದಕ್ಕೆ ಇನ್ನೂ ಐದು ದಿನ. ಇದ್ದು ನೋಡೇ ಎಂದೆ. ಇವಳು ಗಾಜಿನ ಕಡೆಯೇ ನೋಡುತ್ತಿದ್ದಳು.

ಏಪ್ರಿಲ್ ೬, ಭಾನುವಾರ

ಬೆಳಿಗ್ಗೆ ಒಂದು ಚಿಟಿಕೆ. ಸಂಜೆ ಹಾಕಿದೆನೋ ಇಲ್ಲವೋ, ನೆನಪಿಲ್ಲ.

ಏಪ್ರಿಲ್ ೯, ಬುಧವಾರ

ಇವಳು ಹೋಗಿ ಮೂರು ದಿನವಾಯಿತು. ಮಧ್ಯಾಹ್ನ, ನಾದಿನಿ ಊಟ ಮುಂದಿಟ್ಟು ಉಣ್ಣಿ ಭಾವ, ಉಣ್ಣಿ ಎಂದು ಗೋಗರೆಯುತ್ತಿದ್ದಾಗ, ಯಜಮಾನಿ ಚಿಪ್ಪಿನಿಂದ ಹೊರಗೆ ಬಂದಳು. ಹಿಂದೆ ಒಂದು ಹೊಗೆಯ ತುಣುಕು. ಹೊಗೆಯಲ್ಲ. ಮರಿಗಳು. ಕುಪ್ಪಳಿಸಲಿಲ್ಲ. ಈಜಿದವು.

ನಾನು ಎದ್ದ ರಭಸಕ್ಕೆ ತಟ್ಟೆ ಬಿತ್ತು. ಯಜಮಾನಿ ರೆಕ್ಕೆ ಕೊಡವಿದಳು. ಒಂದೇ ಸಲ. ಅಷ್ಟೂ ಮರಿ ಕಲ್ಲು ಬಿದ್ದ ಹಾಗೆ ತಳಕ್ಕೆ ಇಳಿದು ಎಲೆಗಳ ನಡುವೆ ಮಾಯವಾದವು.

"ಲೇ, ನೋಡೇ, ಮಾತು ಕೇಳ್ತಿವೆ!" ಎಂದು ಮಂಚದ ಕಡೆ ತಿರುಗಿದೆ.

ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು.

ಏಪ್ರಿಲ್ ೨೦, ಭಾನುವಾರ

ಉಪ್ಪುನೀರಿನ ಬಾಟಲಿಯಲ್ಲಿ ಸೀಗಡಿಯ ಮೊಟ್ಟೆ ಒಡೆಯಿಸಿ, ಬಟ್ಟೆಯಲ್ಲಿ ಸೋಸಿ, ಮರಿಗಳಿಗೆ ಹನಿಸುವುದು. ದಿನಕ್ಕೆ ಮೂರು ಹೊತ್ತು. ಅಂಗಡಿಯನ್ನು ಪಾಲಿಶಿನವನೇ ನೋಡಿಕೊಳ್ಳುತ್ತಿದ್ದಾನೆ. ಒಂದು ಮನೆ ಖಾಲಿ ಮಾಡಿಸುವುದಿತ್ತು, ಅವನನ್ನೂ ಕರೆದುಕೊಂಡು ಹೋದೆ. ಒಬ್ಬ ಹೆಂಗಸು ಹೊಲಿಗೆ ಯಂತ್ರ ತೋರಿಸಿ ಬೆಲೆ ಕೇಳಿದಳು. "ಇದು ಯಾರದ್ದಮ್ಮ?" ಎಂದೆ. ಅವಳು ಹೇಳಿದಳು, ಬಹಳ ಹೊತ್ತು. ಕೊನೆಗೆ ಕೊಡುವುದಿಲ್ಲ ಎಂದಳು. ಇಟ್ಟುಕೊಳ್ಳಿ ಎಂದು ಬಂದೆ. ಪಾಲಿಶಿನವನು ದಾರಿಯುದ್ದಕ್ಕೂ ನನ್ನನ್ನು ಕಳ್ಳಗಣ್ಣಿನಿಂದ ನೋಡುತ್ತಿದ್ದ. ಅವನಿಗೆ ಏನಾಗಿದೆಯೋ.

ಮೇ ೧೮, ಭಾನುವಾರ

ನಾದಿನಿ ಜಗಳ ತೆಗೆದಳು. "ಆ ಪರದೆ ಸರಿಸಿ ಭಾವ. ಕತ್ತಲಲ್ಲಿ ಕೂತು ಕೂತು ನೀವೂ ಪಾಚಿ ಹಿಡಿದುಹೋಗ್ತೀರಿ. ಆ ತೊಟ್ಟಿ ಯಾರಿಗಾದ್ರೂ ಕೊಟ್ಟುಬಿಡಿ."

ಸರಿ ಎಂದೆ. ಮೇಷ್ಟ್ರು ಒಬ್ಬ ಗಿರಾಕಿಯನ್ನು ಕಳಿಸಿದ. ಬ್ಯಾಂಕಿನ ನೌಕರ, ಮರ್ಯಾದಸ್ಥ. ತೊಟ್ಟಿ, ಮೇಜು, ಮೀನು, ಎಲ್ಲ ಸೇರಿಸಿ ಏನು ಹೇಳ್ತೀರಿ ಎಂದು ಕೇಳಿದ. ನಾನು ನೀರಿನ ಬಣ್ಣದಿಂದ ಶುರು ಮಾಡಿದೆ. ಕಥೆ ಕನ್ನಡಿಯವರೆಗೆ ಬಂದಾಗ ಅವನು ಕೂತಿದ್ದ ಸ್ಟೂಲನ್ನು ಹಿಂದಕ್ಕೆ ಸರಿಸಿ ಎದ್ದು ನಿಂತು, "ಇನ್ನೊಂದು ದಿನ ಬರ್ತೀನಿ ಸಾರ್," ಎಂದ. ಹೋದ ಮೇಲೆ ನೆನಪಾಯಿತು, ಬೆಲೆ ಹೇಳಲೇ ಇಲ್ಲ.

ಜೂನ್ ೧, ಭಾನುವಾರ

ಮರಿಗಳನ್ನು ಬೇರೆ ಮಾಡಿದೆ. ಬೆಳೆದ ಮರಿಗಳನ್ನು ಯಜಮಾನಿ ಈಗ ತಾನಾಗಿಯೇ ಅಟ್ಟುತ್ತಾಳೆ, ಮುಖ ಪರಿಚಯವೂ ಇಲ್ಲದವಳ ಹಾಗೆ. ಯಾರಿಗೆ ಏನು ದಕ್ಕಿತು ಎಂದು ಬರೆದು ಮುಗಿಸುತ್ತೇನೆ.

ಮೀನಂಗಡಿ ಮೇಷ್ಟ್ರಿಗೆ, ಒಂದು ಬಾಲ್ದಿ ಮರಿ ಮತ್ತು ಹೇಳಿಕೊಳ್ಳಲು ಒಂದು ಪಾಠ. ಪಾಲಿಶಿನವನಿಗೆ, ಅರ್ಧ ಅಂಗಡಿಯ ಜವಾಬ್ದಾರಿ. ನಾದಿನಿಗೆ, ಅಕ್ಕನ ಶಾಲು. ಜುಟ್ಟಿನವನಿಗೆ, ಹರಿದ ಬಾಲ. ಯಜಮಾನಿಗೆ, ಮತ್ತೆ ಖಾಲಿ ಚಿಪ್ಪು. ಇವತ್ತು ಅದನ್ನು ಗುಡಿಸುತ್ತಿದ್ದಳು. ಇವಳಿಗೆ, ಕನ್ನಡಿಯಲ್ಲಿ ಅಲ್ಲಾಡಿದ ಬಾಲಗಳು ಮತ್ತು ಒಂದು ಸುಳ್ಳು, ಚೌಕಾಸಿಯಿಲ್ಲದೆ ಕೊಂಡದ್ದು.

ನನಗೆ, ಕಂದು ನೀರು.

ಬೆಳಿಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ.